ಗೋಷೆನ್ ಸಭೆಯ ಗರಿಗಳ ಭಾನುವಾರ

ವಿಮೋಚನಕಾಂಡದ 9ನೇ ಅಧ್ಯಾಯದ ಕಥೆ ಕೇಳದೆ ನಮ್ಮ ಸಂಡೇ ಸ್ಕೂಲು ದಾಟಿದ ಮಕ್ಕಳಿಲ್ಲ. ಐಗುಪ್ತ ದೇಶದ ಮೇಲೆ ಆನೆಕಲ್ಲಿನ ಮಳೆ ಸುರಿಯುತ್ತದೆ. ಹೊಲದಲ್ಲಿದ್ದ ಜನ, ದನ, ಪೈರು, ಮರ ಎಲ್ಲವೂ ಜಜ್ಜಿಹೋಗುತ್ತವೆ. ಇಸ್ರಾಯೇಲ್ಯರ ಗೋಷೆನ್ ಸೀಮೆಗೆ ಮಾತ್ರ ಒಂದು ಕಲ್ಲೂ ಬೀಳುವುದಿಲ್ಲ. ಚಿಕ್ಕಂದಿನಲ್ಲಿ ಈ ಪಾಠ ಕೇಳುವಾಗ ಮನಸ್ಸಿಗೆ ಎಷ್ಟೋ ಹಾಯೆನಿಸುತ್ತಿತ್ತು. ದೇವರ ಜನರ ಊರಿಗೆ ಗಡಿಗಲ್ಲು ನೆಟ್ಟಂತೆ ಮಳೆ ಆಚೆಗೇ ನಿಂತುಬಿಟ್ಟಿತಲ್ಲ ಎಂದು ನೆಮ್ಮದಿಯಾಗುತ್ತಿತ್ತು.

ಅಮೆರಿಕದ ಅಲಬಾಮಾ ರಾಜ್ಯದ ಈಶಾನ್ಯ ಭಾಗದಲ್ಲಿ, ಅಪಲೇಚಿಯನ್ ಬೆಟ್ಟಸಾಲು ಇಳಿದು ಮುಗಿಯುವ ಕಡೆ, ಚೆರೋಕೀ ಕೌಂಟಿಗೆ ಸೇರಿದ ಒಂದು ಹಳ್ಳಿಗಾಡು ಇದೆ. ಅದರ ಹೆಸರೂ ಗೋಷೆನ್. ಹತ್ತಿರದ ಪೇಟೆ ಪೀಡ್‌ಮಾಂಟ್, ಐದು ಸಾವಿರದಷ್ಟು ಜನರ ಊರು. ಆ ಗೋಷೆನಿನ ಯುನೈಟೆಡ್ ಮೆಥೋಡಿಸ್ಟ್ ದೇವಾಲಯದ ಮೇಲೆ 1994ರ ಮಾರ್ಚ್ 27ರಂದು, ಗರಿಗಳ ಭಾನುವಾರ, ಆರಾಧನೆ ನಡೆಯುತ್ತಿರುವಾಗಲೇ ಸುಂಟರಗಾಳಿ ಎರಗಿತು. 20 ಜನ ತೀರಿಕೊಂಡರು. 90ಕ್ಕೂ ಹೆಚ್ಚು ಜನ ಗಾಯಗೊಂಡರು. ಗೋಷೆನ್ ಎಂಬ ಹೆಸರೇ ಕಾಪಾಡಬೇಕಿತ್ತಲ್ಲ ಎಂದು ಅಲ್ಲಿಯ ಯಾವ ತಾಯಿಯ ಮನಸ್ಸು ಕೇಳಿರಲಿಕ್ಕಿಲ್ಲ?

ನಮ್ಮ ಸಭೆಯ ನೂರು ವರ್ಷದ ಸ್ಮರಣ ಸಂಚಿಕೆಗೆ ಚರಿತ್ರೆಯ ಲೇಖನ ಬರೆಯಬೇಕೆಂದು ಸಂಪಾದಕ ಮಂಡಳಿಯವರು ಹೇಳಿದಾಗ ಹಳೆಯ ರಿಜಿಸ್ಟರುಗಳನ್ನೆಲ್ಲ ಇಳಿಸಿಕೊಂಡು ಕೂತೆ. ದೀಕ್ಷಾಸ್ನಾನದ್ದು, ಮದುವೆಯದ್ದು, ಸಮಾಧಿಯದ್ದು, ಸ್ತ್ರೀಯರ ಮಂಡಳಿಯದ್ದು. ಅವುಗಳಲ್ಲಿ ಹುಡುಕುತ್ತ ಹುಡುಕುತ್ತ ಸಭೆಯೆಂಬುದು ಏನು ಮಾಡಿದೆ, ಏತಕ್ಕಾಗಿ ಇದೆ ಎಂಬ ಪ್ರಶ್ನೆ ಎದುರಾಯಿತು. ಅದಕ್ಕೆ ಉತ್ತರ ಹೇಳಲು ಹೊರಟರೆ ಗೋಷೆನ್ ಸಭೆಯನ್ನು ಬಿಟ್ಟು ಮುಂದೆ ಹೋಗಲಾಗಲಿಲ್ಲ. ಅವರೂ ನಾವೂ ಒಂದೇ ಮನೆತನದವರು. ಬೀದರಿನ ಹಳ್ಳಿಗಳಿಗೆ ಸುವಾರ್ತೆ ತಂದವರು ಅಮೆರಿಕದ ಮೆಥೋಡಿಸ್ಟರು. ಕೋಲಾರದ ಎಲೆನ್ ಥೋಬರ್ನ್ ಕೋವೆನ್ ಆಸ್ಪತ್ರೆ, ಬೆಂಗಳೂರಿನ ಬಾಲ್ಡ್‌ವಿನ್ ಶಾಲೆಗಳು ಅದೇ ಬೇರಿನ ಕೊಂಬೆಗಳು. 1981ರಲ್ಲಿ ಭಾರತದ ಮೆಥೋಡಿಸ್ಟ್ ಸಭೆ ತನ್ನ ಕಾಲ ಮೇಲೆ ತಾನು ನಿಂತಿತು. ಆಡಳಿತ ಬೇರೆಯಾದರೂ ಹಾಡುವ ಹಾಡು, ಓದುವ ಪಾಠ, ನಂಬುವ ನಂಬಿಕೆ ಒಂದೇ.

ಆ ಭಾನುವಾರದ ವಿಚಾರ ಬಿಡಿಸಿ ಹೇಳಬೇಕು. ನಾವು ಸುಂಟರಗಾಳಿ ಎನ್ನುವುದು ಬೇಸಿಗೆಯ ಮಧ್ಯಾಹ್ನ ಬರಿದಾದ ಹೊಲದಲ್ಲಿ ಒಣ ಎಲೆ, ದೂಳು ಎತ್ತಿಕೊಂಡು ಗಿರಗಿರನೆ ತಿರುಗಿ ಕ್ಷಣದಲ್ಲಿ ಅಡಗುವ ಗಾಳಿಗೆ. ಅಮೆರಿಕದ ಟೊರ್ನಾಡೊಗೂ ಕನ್ನಡದಲ್ಲಿ ಅದೇ ಹೆಸರು ಬಳಸುತ್ತೇವೆ. ಆದರೆ ಎರಡಕ್ಕೂ ಹೋಲಿಕೆಯಿಲ್ಲ. ಅಲ್ಲಿ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ದಕ್ಷಿಣದ ಮೆಕ್ಸಿಕೋ ಕೊಲ್ಲಿಯಿಂದ ಬೆಚ್ಚಗಿನ, ನೀರು ತುಂಬಿದ ಗಾಳಿ ಮೇಲೆ ಬರುತ್ತದೆ. ಉತ್ತರದಿಂದ ತಣ್ಣನೆಯ ಗಾಳಿ ಇಳಿಯುತ್ತದೆ. ನೆಲದ ಹತ್ತಿರ ಒಂದು ದಿಕ್ಕಿಗೆ ಒಂದು ವೇಗದಲ್ಲಿ, ಮೇಲೆ ಇನ್ನೊಂದು ದಿಕ್ಕಿಗೆ ಇನ್ನೊಂದು ವೇಗದಲ್ಲಿ ಬೀಸುವ ಗಾಳಿಗಳ ನಡುವೆ ಸಿಕ್ಕ ಗಾಳಿಯ ಪದರ ರೊಟ್ಟಿ ಲಟ್ಟಣಿಗೆಯ ಹಾಗೆ ಉರುಳತೊಡಗುತ್ತದೆ. ಆ ಅಡ್ಡ ಉರುಳಾಟವನ್ನು ಮೇಲೇಳುವ ಬಿಸಿಗಾಳಿ ಎತ್ತಿ ನೆಟ್ಟಗೆ ನಿಲ್ಲಿಸಿದರೆ ಇಡೀ ಮೋಡವೇ ತಿರುಗುತ್ತದೆ. ಅಂಥ ಮೋಡದಿಂದ ಆನೆಯ ಸೊಂಡಿಲಿನಂತೆ ಒಂದು ಸುಳಿ ನೆಲಕ್ಕೆ ಇಳಿದರೆ ಅದರ ದಾರಿಯಲ್ಲಿ ಸಿಕ್ಕ ಮನೆ ಉಳಿಯುವುದಿಲ್ಲ, ಹತ್ತು ಮಾರು ಆಚೆಗಿನ ಮನೆಯ ಹಂಚು ಸರಿಯುವುದಿಲ್ಲ. ಇದರ ಬಲವನ್ನು ಅಳೆಯಲು ಆಗ ಫುಜಿಟಾ ಮಾಪನ ಬಳಸುತ್ತಿದ್ದರು. ಗೋಷೆನಿಗೆ ಬಂದದ್ದು ಎಫ್-4, ಎಂದರೆ ಗಂಟೆಗೆ 330 ಕಿಲೋಮೀಟರಿಗೂ ಮೇಲ್ಪಟ್ಟ ಗಾಳಿ.

ಸೇಂಟ್ ಕ್ಲೇರ್ ಕೌಂಟಿಯ ರ‍್ಯಾಗ್ಲೆಂಡ್ ಊರಿನ ಬಳಿ ಬೆಳಗ್ಗೆ 11 ಗಂಟೆಯ ಸುಮಾರಿಗೆ ಆ ಸುಳಿ ನೆಲ ಮುಟ್ಟಿತು. ಅಲ್ಲಿಂದ ಈಶಾನ್ಯಕ್ಕೆ ಹೊರಟು ಅಲಬಾಮಾದಲ್ಲೇ 80 ಕಿಲೋಮೀಟರಿನಷ್ಟು ದೂರ ಉತ್ತುಕೊಂಡು ಹೋಗಿ ಜಾರ್ಜಿಯಾ ರಾಜ್ಯ ಸೇರಿತು. ಬರ್ಮಿಂಗ್‌ಹ್ಯಾಮಿನ ಹವಾಮಾನ ಕಚೇರಿಯವರು 11.27ಕ್ಕೆ ಚೆರೋಕೀ ಕೌಂಟಿಯ ದಕ್ಷಿಣ ಭಾಗಕ್ಕೆ ಎಚ್ಚರಿಕೆ ಹೊರಡಿಸಿದರು. ಗಾಳಿ ದೇವಾಲಯ ಮುಟ್ಟಲು ಇನ್ನೂ ಹತ್ತು ನಿಮಿಷವಿತ್ತು. ಟಿವಿ ಹಾಕಿಕೊಂಡು ಮನೆಯಲ್ಲಿದ್ದವರಿಗೆ ಅದು ತಿಳಿಯುವ ಹಾಗಿತ್ತು. ದೇವಾಲಯದಲ್ಲಿ ಕೂತು ಹಾಡು ಕೇಳುತ್ತಿದ್ದವರಿಗೆ ಯಾರು ಹೇಳಬೇಕು? ಆರಾಧನೆಗೆ ಬಂದವರು ರೇಡಿಯೋ ಹಿಡಿದುಕೊಂಡು ಬರುವುದಿಲ್ಲ. ಆ ಹತ್ತು ನಿಮಿಷ ನೆನೆದರೆ ಈಗಲೂ ಎದೆ ಹಿಂಡುತ್ತದೆ.

ಒಳಗೆ ಸುಮಾರು 140 ಜನರಿದ್ದರು. ಹಬ್ಬದ ದಿನವಾದ್ದರಿಂದ ಹಾಡಿನೊಡನೆ ಒಂದು ನಾಟಕ ನಡೆಯುತ್ತಿತ್ತು. ಮಕ್ಕಳು ಮುಂದಿನ ಸಾಲುಗಳಲ್ಲಿ ಹೊಸ ಬಟ್ಟೆ ತೊಟ್ಟು ಕುಳಿತಿದ್ದರು. ಗರಿಗಳ ಭಾನುವಾರ ಎಲ್ಲಿಯಾದರೂ ಮಕ್ಕಳದ್ದೇ ಹಬ್ಬವಲ್ಲವೇ? ದೀಪ ಆರಿತು, ಕಿಟಕಿಯ ಗಾಜು ಒಡೆಯಿತು, ಬಗ್ಗಿ ಎಂದು ಯಾರೋ ಕೂಗಿದರು. ಅಷ್ಟರಲ್ಲಿ ಇಟ್ಟಿಗೆಯ ಗೋಡೆ ಕುಸಿದು ಚಾವಣಿ ಜನರ ಮೇಲೆ ಕೂತಿತು. ದೇವಾಲಯದ ಕಟ್ಟಡಕ್ಕೆ ಇರುವ ಒಂದು ದೌರ್ಬಲ್ಯ ಇಲ್ಲಿ ಎದ್ದು ಕಾಣುತ್ತದೆ. ಎಲ್ಲರಿಗೂ ಪೀಠ ಕಾಣಲೆಂದು ನಡುವೆ ಕಂಬವಿಲ್ಲದ ಅಗಲವಾದ ಹಜಾರ ಕಟ್ಟುತ್ತೇವೆ. ಉದ್ದನೆಯ ಗೋಡೆಗಳ ಮೇಲೆ ಚಾವಣಿಯ ಭಾರವೆಲ್ಲ ನಿಂತಿರುತ್ತದೆ. ಗಾಳಿಗೆ ಎದುರಾದ ಗೋಡೆ ಒಂದು ಹೋದರೆ ಮೇಲಿನದನ್ನು ಹಿಡಿಯುವವರೇ ಇಲ್ಲ. ಮನೆಯಾಗಿದ್ದರೆ ಬಚ್ಚಲೋ, ಓಣಿಯಂಥ ನಡುಮನೆಯೋ ಒಂದಿಷ್ಟು ಆಸರೆ ಕೊಡುತ್ತದೆ. ಕೂಡಿ ಕೂರಲೆಂದು ಕಟ್ಟಿದ ಜಾಗವೇ ಅಂದು ಎಲ್ಲರನ್ನೂ ಒಟ್ಟಿಗೆ ಸಿಕ್ಕಿಸಿತು.

ಆ ಒಂದು ಸುಂಟರಗಾಳಿಗೆ ಅಲಬಾಮಾದಲ್ಲಿ ಸತ್ತವರು 22 ಜನ. ಅವರಲ್ಲಿ 20 ಜನ ಈ ಒಂದೇ ಸೂರಿನಡಿಯವರು. ಅದೇ ದಿನ ಎದ್ದ ಬೇರೆ ಸುಂಟರಗಾಳಿಗಳೂ ಸೇರಿ ಅಲಬಾಮಾ, ಜಾರ್ಜಿಯಾ ಎರಡೂ ರಾಜ್ಯಗಳಲ್ಲಿ ಒಟ್ಟು 40 ಜನ ತೀರಿಕೊಂಡರು.

ಗೋಷೆನಿನ ಸಭಾಪಾಲಕಿ ಕೆಲ್ಲಿ ಕ್ಲೆಮ್. ಅಮೆರಿಕದ ಮೆಥೋಡಿಸ್ಟ್ ಸಭೆ ಹೆಂಗಸರಿಗೆ ಪಾಲಕರ ಪೂರ್ಣ ಅಧಿಕಾರ ಕೊಟ್ಟದ್ದು 1956ರಲ್ಲಿ. ಆದರೂ ಅಲಬಾಮಾದ ಹಳ್ಳಿಗಾಡಿನಲ್ಲಿ 1994ರಲ್ಲಿ ಪೀಠದ ಮೇಲೆ ಒಬ್ಬ ಹೆಣ್ಣುಮಗಳು ನಿಲ್ಲುವುದು ದಿನನಿತ್ಯದ ಸಂಗತಿಯೇನಲ್ಲ. ಅವರ ಗಂಡ ಡೇಲ್ ಕ್ಲೆಮ್ ಅವರೂ ಮೆಥೋಡಿಸ್ಟ್ ಪಾಲಕರೇ. ಇಬ್ಬರು ಹೆಣ್ಣುಮಕ್ಕಳು. ನಾಲ್ಕು ವರ್ಷದ ಹಿರಿಯ ಮಗಳು ಅಂದು ಆ ಅವಶೇಷದಡಿ ತೀರಿಕೊಂಡಳು. ಚಿಕ್ಕವಳು ಉಳಿದಳು. ಪಾಲಕಿಗೂ ಪೆಟ್ಟು ಬಿದ್ದಿತ್ತು. ಮಗುವನ್ನು ಕಳೆದುಕೊಂಡ ತಾಯಿ, 19 ಮಂದಿ ಸಭಿಕರನ್ನು ಕಳೆದುಕೊಂಡ ಪಾಲಕಿ, ಇಬ್ಬರೂ ಒಬ್ಬರೇ. ಯಾರನ್ನು ಯಾರು ಸಂತೈಸಬೇಕು?

ಮುಂದಿನ ವಾರ ಕ್ರೈಸ್ತರಿಗೆ ಪವಿತ್ರ ವಾರ. ಆ ಊರಿಗೆ ಅದು ಸಮಾಧಿಗಳ ವಾರವಾಯಿತು. ಶುಭ ಶುಕ್ರವಾರ ಬರುವ ಮೊದಲೇ ಒಂದು ಮನೆಯ ಹಿಂದೆ ಇನ್ನೊಂದು ಮನೆಯ ಪೆಟ್ಟಿಗೆ ಸ್ಮಶಾನ ಸೇರುತ್ತಿತ್ತು. ದೇಶದ ಉಪಾಧ್ಯಕ್ಷ ಅಲ್ ಗೋರ್ ಆ ಊರಿಗೆ ಬಂದು ಹೋದರು. ಪತ್ರಿಕೆಯವರು, ಟಿವಿಯವರು ಬಂದು ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ದೇವರ ಮನೆಯಲ್ಲೇ ಹೀಗಾಯಿತಲ್ಲ, ಏಕೆ? ಈ ಪ್ರಶ್ನೆಗೆ ಅವಸರದ ಉತ್ತರ ಕೊಡುವವರು ಎಲ್ಲ ಧರ್ಮದಲ್ಲೂ ಇರುತ್ತಾರೆ. ಪಾಪದ ಫಲ ಎನ್ನುವವರು ಒಬ್ಬರು, ದೇವರಿಗೆ ಬೇಕಾದ ಹೂವನ್ನು ಕಿತ್ತುಕೊಂಡ ಎನ್ನುವವರು ಇನ್ನೊಬ್ಬರು. ಸಿಲೊವಾಮಿನ ಬುರುಜು ಬಿದ್ದು ಸತ್ತ 18 ಜನ ಮಿಕ್ಕವರಿಗಿಂತ ಹೆಚ್ಚು ಪಾಪಿಗಳೇನು ಎಂದು ಯೇಸು ಕೇಳಿ, ಅಲ್ಲ ಎಂದು ತಾನೇ ಹೇಳಿದ್ದು ಲೂಕನ ಸುವಾರ್ತೆಯಲ್ಲಿದೆ. ಅದನ್ನು ಓದಿಯೂ ನಾವು ಹಾಗೆ ಮಾತಾಡುತ್ತೇವೆ. ಕೆಲ್ಲಿ ಕ್ಲೆಮ್ ಅಂಥ ಉತ್ತರ ಯಾವುದನ್ನೂ ಕೊಡಲಿಲ್ಲ. ಜನರ ವಿಶ್ವಾಸ ಬಹಳ ಕಾಲ ಅಲುಗಾಡೀತು, ಅದು ಸಹಜವೇ. ಆದರೆ ವಿಶ್ವಾಸ ಅಲುಗಾಡುವುದು ಬೇರೆ, ಅದನ್ನು ಕಳೆದುಕೊಳ್ಳುವುದು ಬೇರೆ ಎಂಬರ್ಥದ ಮಾತನ್ನು ಪತ್ರಿಕೆಯವರಿಗೆ ಹೇಳಿದರು. ಮಗುವನ್ನು ಮಣ್ಣು ಮಾಡಿದ ವಾರದಲ್ಲಿ ಒಬ್ಬ ತಾಯಿ ಆಡಿದ ಮಾತು ಇದು. ಸಾವಿರ ಪ್ರಸಂಗಗಳಿಗಿಂತ ನನಗೆ ಇದು ದೊಡ್ಡದು.

ಏಪ್ರಿಲ್ 3 ಈಸ್ಟರ್. ಈ ಸಲ ಹಬ್ಬ ಉಂಟೋ ಇಲ್ಲವೋ ಎಂದು ಸಭೆಯವರೇ ಕೇಳುತ್ತಿದ್ದರು. ಉಂಟೆಂದು ತೀರ್ಮಾನವಾಯಿತು. ಸೂರ್ಯ ಹುಟ್ಟುವ ಹೊತ್ತಿಗೆ ಬಿದ್ದ ದೇವಾಲಯದ ಅಂಗಳದಲ್ಲಿ ಇನ್ನೂರರಷ್ಟು ಜನ ಸೇರಿದರು. ಚಳಿಗಾಲ ಮುಗಿದು ಬೆಳಕಾಗುವ ಹೊತ್ತು. ಎದುರಿಗೆ ಇಟ್ಟಿಗೆಯ ರಾಶಿ. ಗಾಯದ ಗುರುತು ಇನ್ನೂ ಮಾಸದ ಮುಖದಲ್ಲಿ ಪಾಲಕಿ ನಿಂತು ಬೈಬಲ್ ತೆರೆದು ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯ ಓದಿದರು. ಮರಣವಾಗಲಿ ಜೀವವಾಗಲಿ ಯಾವುದೂ ದೇವರ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರದು ಎಂದು ಪೌಲನು ಹೇಳುವ ಭಾಗ ಅದು. ಸಮಾಧಿ ಆರಾಧನೆಯಲ್ಲಿ ಅದನ್ನು ಎಷ್ಟು ಸಲ ಕೇಳಿದ್ದೇವೆಯೋ! ಅಂದು ಅಲ್ಲಿ ಕೇಳಿದವರಿಗೆ ಅದರ ಒಂದೊಂದು ಶಬ್ದಕ್ಕೂ ಒಂದೊಂದು ಹೆಸರಿತ್ತು.

ಇದೇ ರೋಮಾಪುರದ ಪತ್ರಿಕೆ ನಮ್ಮ ಮೆಥೋಡಿಸ್ಟ್ ಮನೆತನದ ಹುಟ್ಟಿನಲ್ಲೂ ಇದೆ, ಬಿರುಗಾಳಿಯೂ ಇದೆ. ಇದನ್ನು ಬರೆಯದೆ ಮುಂದೆ ಹೋಗಲಾರೆ. ಜಾನ್ ವೆಸ್ಲಿ 32 ವರ್ಷದ ಪಾದ್ರಿಯಾಗಿ ಸಿಮಂಡ್ಸ್ ಎಂಬ ಹಡಗಿನಲ್ಲಿ ಇಂಗ್ಲೆಂಡಿನಿಂದ ಜಾರ್ಜಿಯಾಕ್ಕೆ ಹೊರಟಿದ್ದರು. ಗೋಷೆನಿನ ಸುಂಟರಗಾಳಿ ಕೊನೆಗೆ ನುಗ್ಗಿದ ಅದೇ ಜಾರ್ಜಿಯಾ. 1736ರ ಜನವರಿ 25, ಅದೂ ಭಾನುವಾರ. ಹಡಗಿನಲ್ಲಿದ್ದ ಮೊರೇವಿಯನ್ ಪಂಗಡದ ಜರ್ಮನ್ ಕುಟುಂಬಗಳು ಸಂಜೆಯ ಪ್ರಾರ್ಥನೆಗೆ ಕೂತು ಕೀರ್ತನೆ ಎತ್ತಿಕೊಂಡಿದ್ದರು. ಹೊತ್ತಿಗೆ ಸರಿಯಾಗಿ ಸಮುದ್ರ ಎದ್ದು ಹಡಗಿನ ಮೇಲೆ ಬಿತ್ತು. ದೊಡ್ಡ ಹಾಯಿ ಸೀಳಿತು, ನೀರು ಒಳಗೆ ನುಗ್ಗಿತು. ಇಂಗ್ಲಿಷರು ಕಿರುಚತೊಡಗಿದರು. ಜರ್ಮನರು ಹಾಡು ನಿಲ್ಲಿಸಲಿಲ್ಲ. ಆಮೇಲೆ ವೆಸ್ಲಿ ಅವರಲ್ಲೊಬ್ಬನನ್ನು ನಿಮಗೆ ಭಯವಾಗಲಿಲ್ಲವೇ ಎಂದು ಕೇಳಿದರು. ಇಲ್ಲ ಎಂದ. ಹೆಂಗಸರು ಮಕ್ಕಳಿಗೆ? ನಮ್ಮ ಹೆಂಗಸರಿಗೂ ಮಕ್ಕಳಿಗೂ ಸಾಯಲು ಭಯವಿಲ್ಲ ಎಂದ. ಇತರರಿಗೆ ಬೋಧಿಸಲು ಹೊರಟ ತನಗೇ ಆ ವಿಶ್ವಾಸ ಇಲ್ಲವೆಂದು ವೆಸ್ಲಿಗೆ ಅಂದು ಹೊಳೆಯಿತು.

ಈ ಪ್ರಸಂಗವನ್ನು ನಮ್ಮ ಪ್ರಸಂಗಿಗಳು ಧೈರ್ಯದ ಪಾಠವಾಗಿ ಹೇಳುತ್ತಾರೆ. ಕಿರುಚಿದವರನ್ನು ಕಡಿಮೆ ಮಾಡಲು ಅದನ್ನು ಬಳಸಬಾರದೆಂದು ನನಗೆ ಬಲವಾಗಿ ಅನಿಸುತ್ತದೆ. ಗೋಷೆನಿನಲ್ಲಿ ಮಕ್ಕಳು ಕಿರುಚಿರಬೇಕು, ದೊಡ್ಡವರೂ ಕಿರುಚಿರಬೇಕು. ನಾನು ಆ ಪ್ರಸಂಗದಲ್ಲಿ ಕಾಣುವುದು ಬೇರೆ. ವೆಸ್ಲಿಗೆ ವಿಶ್ವಾಸದ ರುಚಿ ಮೊದಲು ಹತ್ತಿದ್ದು ಪುಸ್ತಕದಿಂದಲ್ಲ. ಒಟ್ಟಿಗೆ ಕೂತು ಹಾಡುವ ಬಡ ಕುಟುಂಬಗಳಿಂದ. ಜಾರ್ಜಿಯಾದಲ್ಲಿ ಅವರ ಕೆಲಸ ಕೈಗೂಡಲಿಲ್ಲ, ಸೋತು ಮರಳಿದರು. ಮರಳಿದ ಮೇಲೆ ಪೀಟರ್ ಬೋಲರ್ ಎಂಬ ಇನ್ನೊಬ್ಬ ಮೊರೇವಿಯನ್ ಸಿಕ್ಕ. ನನ್ನಲ್ಲೇ ವಿಶ್ವಾಸವಿಲ್ಲ, ಬೋಧಿಸುವುದನ್ನು ಬಿಟ್ಟುಬಿಡಲೇ ಎಂದು ಕೇಳಿದ ವೆಸ್ಲಿಗೆ, ಬಿಡಬೇಡ, ಅದು ಸಿಗುವ ತನಕ ಅದನ್ನೇ ಸಾರುತ್ತಿರು ಎಂಬ ಸಲಹೆ ಕೊಟ್ಟ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ಯಾರೋ ಲೂಥರನು ರೋಮಾಪುರದ ಪತ್ರಿಕೆಗೆ ಬರೆದ ಮುನ್ನುಡಿ ಓದುತ್ತಿದ್ದಾಗ ವೆಸ್ಲಿಯ ಹೃದಯ ಬೆಚ್ಚಗಾಯಿತು. ಬಿರುಗಾಳಿಯ ಸಂಜೆಗೂ ಈ ಸಂಜೆಗೂ ನಡುವೆ ಎರಡು ವರ್ಷ ನಾಲ್ಕು ತಿಂಗಳು. ಗಾಳಿ ನಿಂತ ಮರುಗಳಿಗೆಗೆ ವಿಶ್ವಾಸ ಸಿಕ್ಕಿತೆಂದು ಸಾಕ್ಷಿ ಹೇಳುವವರನ್ನು ಕಂಡಿದ್ದೇನೆ, ಸಂತೋಷ. ನಮ್ಮ ಮನೆತನದ ಮೂಲಪುರುಷನಿಗಂತೂ ಅಷ್ಟು ಬೇಗ ಸಿಗಲಿಲ್ಲ.

ಇನ್ನೊಂದು ಸಂಗತಿ. 1742ರಲ್ಲಿ ಬ್ರಿಸ್ಟಲ್ ಊರಿನ ಮೆಥೋಡಿಸ್ಟರ ಕಟ್ಟಡದ ಮೇಲೆ ಸಾಲ ನಿಂತಿತ್ತು. ತೀರಿಸುವ ಬಗೆ ಹೇಗೆಂದು ಕೂಡಿ ಯೋಚಿಸಿದಾಗ, ಸಭಿಕರನ್ನು ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ಗುಂಪಿಗೆ ಒಬ್ಬ ನಾಯಕನನ್ನಿಟ್ಟು, ಅವನು ವಾರಕ್ಕೊಮ್ಮೆ ಮನೆಮನೆಗೂ ಹೋಗಿ ತಲೆಗೆ ಒಂದು ಪೆನ್ನಿ ಎತ್ತಲಿ ಎಂದು ನಿಶ್ಚಯವಾಯಿತು. ಕೊಡಲು ಇಲ್ಲದವರದ್ದನ್ನು ನಾಯಕನೇ ತುಂಬಬೇಕು. ಹಣ ಎತ್ತಲು ಹೋದ ನಾಯಕರಿಗೆ ಮನೆಯೊಳಗಿನ ಕಷ್ಟ ಕಾಣತೊಡಗಿತು. ಯಾರು ಕಾಯಿಲೆ ಬಿದ್ದಿದ್ದಾರೆ, ಯಾರ ಮನೆಯಲ್ಲಿ ಒಲೆ ಹತ್ತಿಲ್ಲ, ಯಾರು ಕುಡಿದು ಹೆಂಡತಿಯನ್ನು ಬಡಿಯುತ್ತಾರೆ ಎಂಬುದೆಲ್ಲ. ವೆಸ್ಲಿ ಇದನ್ನೇ ಹಿಡಿದು ಇಡೀ ಸಭೆಯ ಏರ್ಪಾಡು ಮಾಡಿದರು. ಕ್ಲಾಸ್ ಮೀಟಿಂಗ್ ಎಂದು ಅದಕ್ಕೆ ಹೆಸರು. ನಮ್ಮ ಸಭೆಯಲ್ಲಿ ಆ ಹೆಸರು ಈಗ ಯಾರ ಬಾಯಲ್ಲೂ ಇಲ್ಲ. ಸ್ತ್ರೀಯರ ಮಂಡಳಿಯ ಮನೆ ಭೇಟಿ ಮಾತ್ರ ಉಳಿದಿದೆ. ಸಾಲದ ಕಟ್ಟಡದಿಂದ ಹೊರಟು ನೊಂದವರ ಬಾಗಿಲಿಗೆ ಬಂದ ದಾರಿ ಅದು.

ಆ ದಾರಿ ನಮ್ಮ ಮನೆಯ ಬಾಗಿಲಿಗೂ ಬಂದಿತ್ತು. ನಾನು ಏಳನೆಯ ತರಗತಿಯಲ್ಲಿದ್ದ ವರ್ಷ ಮೇ ತಿಂಗಳ ಕೊನೆಗೆ, ಮುಂಗಾರು ಹಿಡಿಯುವ ಮೊದಲು, ನನ್ನ ತಮ್ಮ ಹೊಲದಲ್ಲಿ ಎಮ್ಮೆ ಹೊಡೆದುಕೊಂಡು ಬರುವಾಗ ಬೇವಿನ ಮರದ ಕೆಳಗೆ ನಿಂತವನು ಸಿಡಿಲಿಗೆ ತೀರಿಕೊಂಡ. ಬೀದರ್, ಕಲಬುರಗಿ ಕಡೆ ವರ್ಷವರ್ಷವೂ ಹೀಗೆ ಸಾಯುತ್ತಾರೆ. ಪೇಪರಿನಲ್ಲಿ ನಾಲ್ಕು ಸಾಲು ಬರುತ್ತದೆ. ಅವನಿಗೆ ಒಂಬತ್ತು ವರ್ಷ. ಅಂದಿನಿಂದ ಅವ್ವ ದೇವಾಲಯದ ಮೆಟ್ಟಿಲು ಹತ್ತಲಿಲ್ಲ. ಅಯ್ಯನವರು ಬಂದು ಪ್ರಾರ್ಥನೆ ಮಾಡುತ್ತೇನೆಂದರೆ ಒಳಗೆ ಎದ್ದು ಹೋಗುತ್ತಿದ್ದಳು. ಅಪ್ಪ ತಲೆ ತಗ್ಗಿಸಿ ಕೂರುತ್ತಿದ್ದ.

ಶುಕ್ರವಾರ ಮಧ್ಯಾಹ್ನ ಸ್ತ್ರೀಯರ ಮಂಡಳಿಯ ನಾಲ್ವರು ಬರುತ್ತಿದ್ದರು. ಮೊದಲನೆಯ ಶುಕ್ರವಾರ ನನಗೆ ಚೆನ್ನಾಗಿ ನೆನಪಿದೆ. ಅವ್ವ ಪಡಸಾಲೆಯಲ್ಲಿ ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಕೂತಿದ್ದಳು, ಕೈ ಆಡುತ್ತಿರಲಿಲ್ಲ. ಅವರು ಒಳಗೆ ಕಾಲಿಡುತ್ತಿದ್ದಂತೆ ತಲೆ ಎತ್ತದೆ ಕೇಳಿದಳು: "ಹೊಲದಾಗ ಸಿಡ್ಲು ಬಡದಾಗ ನಿಮ್ಮ ದೇವ್ರು ಎಲ್ಲಿದ್ದ? ಅದೊಂದು ಹೇಳ್ರಿ, ಆಮ್ಯಾಗ ಕೂಡ್ರಿ."

ನಾಲ್ವರಲ್ಲಿ ಹಿರಿಯಳು ನಮ್ಮ ಓಣಿಯ ದೊಡ್ಡಮ್ಮ. ಅವಳಿಗೆ ಓದು ಬರದು. ಕೀರ್ತನೆಗಳೆಲ್ಲ ಬಾಯಿಪಾಠ. ಅವಳು ಅವ್ವನ ಎದುರಿಗೆ ನೆಲದ ಮೇಲೆ ಕೂತು, "ನನಗೂ ತಿಳೀವಲ್ದು ತಂಗಿ," ಎಂದಳು. "ಮೊರ ಇಕಡಿ ಸರಸು. ಬ್ಯಾಳಿ ಹಸನ ಮಾಡ್ತೀನಿ."

ಅಷ್ಟೇ. ಅಂದು ಪ್ರಾರ್ಥನೆಯಾಗಲಿಲ್ಲ, ಹಾಡಾಗಲಿಲ್ಲ. ಐವರೂ ಕೂತು ಬೇಳೆ ಹಸನು ಮಾಡಿದರು. ಬೆರಳಿನ ತುದಿಯಿಂದ ಹರಳು ಆರಿಸಿ ಅಂಗಳಕ್ಕೆ ಎಸೆಯುವ ಸದ್ದು ಮಾತ್ರ ಕೇಳುತ್ತಿತ್ತು. ಮುಂದಿನ ಶುಕ್ರವಾರ ಜೋಳ. ಅದರ ಮುಂದಿನ ವಾರ ಹುಣಸೆಹಣ್ಣಿನ ಬೀಜ ಬಿಡಿಸಿದರು. ಮಳೆಗಾಲ ಕಳೆಯಿತು, ರಾಶಿ ಮುಗಿಯಿತು, ಕ್ರಿಸ್ಮಸ್ ಬಂತು, ಅವ್ವ ದೇವಾಲಯಕ್ಕೆ ಬರಲಿಲ್ಲ. ಅವರು ಬರುವುದನ್ನು ಬಿಡಲಿಲ್ಲ.

ಬೈಬಲಿನ ಯೋಬನ ಮಕ್ಕಳೂ ಗಾಳಿಗೇ ಸತ್ತವರು. ಅಡವಿಯ ಕಡೆಯಿಂದ ಬಂದ ಬಿರುಗಾಳಿ ಮನೆಯ ನಾಲ್ಕು ಮೂಲೆಗೂ ಬಡಿದು ಮನೆ ಅವರ ಮೇಲೆ ಬೀಳುತ್ತದೆ. ಸುದ್ದಿ ಕೇಳಿ ಬಂದ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂರುತ್ತಾರೆ. ಅಲ್ಲಿಯವರೆಗೆ ಅವರು ಮಾಡಿದ್ದೆಲ್ಲ ಸರಿಯಾಗಿತ್ತು; ಬಾಯಿ ತೆರೆದ ಮೇಲೆ ಕೆಟ್ಟಿತು. ನಮ್ಮ ದೊಡ್ಡಮ್ಮನಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಅವಳಿಗೆ ಕೈಕೆಲಸ ಗೊತ್ತಿತ್ತು.

ಗೋಷೆನಿನವರೂ ಇದನ್ನೇ ಮಾಡಿದರೆಂದು ಡೇಲ್ ಕ್ಲೆಮ್ ಅವರ ಪುಸ್ತಕದ ಹೆಸರೇ ಹೇಳುತ್ತದೆ. ಮೂರು ವರ್ಷದ ನಂತರ, 1997ರಲ್ಲಿ ಬಂದ 'ವಿಂಡ್ಸ್ ಆಫ್ ಫ್ಯೂರಿ, ಸರ್ಕಲ್ಸ್ ಆಫ್ ಗ್ರೇಸ್' ಎಂಬ ಪುಸ್ತಕ ಅದು. ರೊಚ್ಚಿನ ಗಾಳಿ ತಿರುಗಿದ್ದೂ ವೃತ್ತದಲ್ಲೇ, ಆಮೇಲೆ ಕೃಪೆಯಿಂದ ಸುತ್ತುವರಿದು ನಿಂತ ಜನರದ್ದೂ ವೃತ್ತವೇ. ಮಗಳನ್ನು ಕಳೆದುಕೊಂಡ ತಂದೆ ಪುಸ್ತಕಕ್ಕೆ ಈ ಹೆಸರಿಟ್ಟದ್ದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಸಭೆ ಚದುರಿಹೋಗಲಿಲ್ಲ. ಹೊಸ ದೇವಾಲಯ ಕಟ್ಟಿಕೊಂಡಿತು.

ಆ ಸಾವುಗಳಿಂದ ಇಡೀ ದೇಶಕ್ಕೆ ಆದ ಉಪಕಾರವೊಂದಿದೆ. ಅಮೆರಿಕದಲ್ಲಿ ಹವಾಮಾನ ಇಲಾಖೆಯದ್ದೇ ಒಂದು ರೇಡಿಯೋ ಇದೆ. ಬೆಸ್ತರ ಮನೆಯಲ್ಲೂ ರೈತರ ಮನೆಯಲ್ಲೂ ಇಡುವಂಥ ಪುಟ್ಟ ಪೆಟ್ಟಿಗೆ. ಸಾಮಾನ್ಯ ರೇಡಿಯೋದಲ್ಲಿ ಹಿಡಿಯದ 162 ಮೆಗಾಹರ್ಟ್ಸ್ ಆಸುಪಾಸಿನ ಏಳು ಕಂಪನಾಂಕಗಳಲ್ಲಿ ಅದು ಕೆಲಸ ಮಾಡುತ್ತದೆ. ವರ್ಷವಿಡೀ ಸದ್ದಿಲ್ಲದೆ ಮೂಲೆಯಲ್ಲಿ ಕೂತಿರಬಲ್ಲದು. ಎಚ್ಚರಿಕೆ ಹೊರಟರೆ ಮಾತ್ರ ತಾನೇ ಎಚ್ಚೆತ್ತು ಕಿವಿ ಕೊರೆಯುವಂತೆ ಕೂಗಿ, ಆಮೇಲೆ ಯಾವ ಕೌಂಟಿಗೆ ಏನು ಬರುತ್ತಿದೆ ಎಂದು ಹೇಳುತ್ತದೆ. 1994ರಲ್ಲಿ ಇದರ ಪ್ರಸಾರ ಕೇಳದ ಹಳ್ಳಿಗಾಡುಗಳು ಬಹಳ ಇದ್ದವು. ಗೋಷೆನಿನ ದುರಂತದ ನಂತರ ಅಲ್ ಗೋರ್ ಅವರು ದೇಶದ 95% ಜನಕ್ಕೆ ಇದು ಮುಟ್ಟಬೇಕೆಂಬ ಯೋಜನೆ ಎತ್ತಿಕೊಂಡರು. ಹೊಸ ಹೊಸ ಪ್ರಸಾರ ಗೋಪುರಗಳು ಎದ್ದವು. ಈಗ ಎಷ್ಟೋ ದೇವಾಲಯಗಳಲ್ಲಿ, ಶಾಲೆಗಳಲ್ಲಿ ಆ ಪೆಟ್ಟಿಗೆ ಇರುತ್ತದೆ. ಭಾನುವಾರ ಯಾರಾದರೊಬ್ಬರು ಅದಕ್ಕೆ ಕಿವಿಗೊಟ್ಟಿರುತ್ತಾರೆ. ನಮ್ಮ ಸಭೆಯವರಿಗೆ ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಹೊಸ ಕಟ್ಟಡಕ್ಕೆ ಗೋಪುರ ಎಷ್ಟು ಎತ್ತರವಿರಬೇಕೆಂದು ಮೂರು ಸಭೆ ಸೇರಿ ಚರ್ಚಿಸಿದೆವು. ಅದಕ್ಕೆ ಸಿಡಿಲು ತಡೆಯುವ ತಂತಿ ಹಾಕಿಸುವ ಮಾತು ಇನ್ನೂ ಬಾಕಿಯಿದೆ. ಈ ಮೇ ತಿಂಗಳೊಳಗೆ ಆಗಲಿ. ವಿಶ್ವಾಸ ಇದ್ದವರಿಗೆ ತಂತಿ ಬೇಡವೆನ್ನುವ ಮಾತು ಯಾರದ್ದಾದರೂ ಇದ್ದರೆ ಅವರು ಗೋಷೆನ್ ಸಭೆಯ 20 ಜನರನ್ನು ನೆನೆಯಲಿ.

ಮತ್ತೆ ರಿಜಿಸ್ಟರಿಗೆ ಬರುತ್ತೇನೆ. ಸಮಾಧಿಯ ರಿಜಿಸ್ಟರಿನಲ್ಲಿ ನನ್ನ ತಮ್ಮನ ಹೆಸರಿದೆ, ಪಕ್ಕದಲ್ಲಿ ಕಾರಣದ ಕಲಮಿನಲ್ಲಿ 'ಸಿಡಿಲು' ಎಂದಿದೆ. ಸ್ತ್ರೀಯರ ಮಂಡಳಿಯ ಪುಸ್ತಕ ಬೇರೆ. ಉದ್ದನೆಯ ಕಂದು ಪುಸ್ತಕ, ಅಂಚುಗಳನ್ನು ಗೆದ್ದಲು ಸ್ವಲ್ಪ ತಿಂದಿದೆ. ಆ ವರ್ಷದ ಜೂನಿನಿಂದ ಪ್ರತಿ ಶುಕ್ರವಾರಕ್ಕೂ ಒಂದೊಂದು ಸಾಲು. ಮನೆ ಭೇಟಿ, ನಮ್ಮ ಅಪ್ಪನ ಹೆಸರು, ಹಾಜರು 4. ಕೆಳಗೆ ಒಂದು ಸಹಿ, ಮೂರು ಹೆಬ್ಬೆಟ್ಟು. ಏನು ಮಾತಾಡಿದರು, ಏನು ಓದಿದರು ಎಂಬುದಕ್ಕೆ ಜಾಗ ಬಿಟ್ಟಿದ್ದಾರೆ. ಯಾವ ವಾರವೂ ಏನನ್ನೂ ತುಂಬಿಲ್ಲ. ಹೀಗೇ ಪುಟದ ಮೇಲೆ ಪುಟ ಹೋಗಿ, ಮರುವರ್ಷದ ಗರಿಗಳ ಭಾನುವಾರದ ಹಿಂದಿನ ಶುಕ್ರವಾರಕ್ಕೆ ನಮ್ಮ ಮನೆಯ ಹೆಸರು ನಿಲ್ಲುತ್ತದೆ.

ಆ ಭಾನುವಾರ ನಸುಕಿನಲ್ಲೇ ಅವ್ವ ಹಳ್ಳದ ಕಡೆಗೆ ಹೋಗಿ ಈಚಲ ಗರಿ ಕೊಯ್ದು ತಂದಿದ್ದಳು. ಒಂದು ನನಗೆ, ಒಂದು ಅಪ್ಪನಿಗೆ, ಒಂದು ತನಗೆ. ಇನ್ನೊಂದನ್ನು ಕೊಯ್ದು ತಂದವಳು ಅದನ್ನು ಏನು ಮಾಡಬೇಕೋ ತಿಳಿಯದೆ ಗೂಡಿನಲ್ಲಿಟ್ಟಳು. ದೇವಾಲಯದಲ್ಲಿ ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕ ಕೂತಳು. ಹಾಡಲಿಲ್ಲ. ಎದ್ದು ಹೋಗಲೂ ಇಲ್ಲ.

ಮಂಡಳಿಯ ಪುಸ್ತಕದಲ್ಲಿ ಈಸ್ಟರ್ ಕಳೆದ ಶುಕ್ರವಾರದ ಸಾಲು ಬೇರೆ ಮನೆಯದ್ದು. ಊರಾಚೆಯ ತಾಂಡಾದ ಹಾದಿಯಲ್ಲಿ ಬಾಣಂತನದಲ್ಲೇ ಮಗು ಕಳೆದುಕೊಂಡ ಒಬ್ಬಾಕೆಯ ಮನೆ. ಮನೆ ಭೇಟಿ, ಹಾಜರು 5. ಕೆಳಗೆ ಒಂದು ಸಹಿ, ನಾಲ್ಕು ಹೆಬ್ಬೆಟ್ಟು. ಕೊನೆಯದು ನನ್ನ ಅವ್ವನದು.